ಬಲಿ, ತ್ಯಾಗ ಮತ್ತು ಊಟದ ಮುಂಚಿನ ಸ್ತೋತ್ರ: ಮಾಂಸಾಹಾರವನ್ನು ಕ್ರೈಸ್ತ ನಂಬಿಕೆ ಹೇಗೆ ನೋಡುತ್ತದೆ

ಊಟಕ್ಕೆ ಕುಳಿತ ಕ್ರೈಸ್ತರು ತಟ್ಟೆಯ ಮುಂದೆ ತಲೆಬಾಗಿಸಿ ದೇವರಿಗೆ ಸ್ತೋತ್ರ ಹೇಳುವ ಪ್ರಾರ್ಥನೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ತಟ್ಟೆಯಲ್ಲಿ ರೊಟ್ಟಿ, ಹಣ್ಣು, ಕಾಯಿಪಲ್ಯಗಳಿದ್ದಾಗ ಆ ಸ್ತೋತ್ರದ ಅರ್ಥವನ್ನು ಯಾರೂ ಕೆದಕಲು ಹೋಗುವುದಿಲ್ಲ. ಬೆಳೆ ಬಂತು, ಹಸಿವು ನೀಗಿತು, ಕೊಟ್ಟವನಿಗೆ ವಂದನೆ. ಮಾಂಸವಿದ್ದಾಗ ಪ್ರಶ್ನೆ ಅಷ್ಟಕ್ಕೇ ನಿಲ್ಲುವುದಿಲ್ಲ. ಒಂದು ಜೀವ ಹೋದ ಮೇಲೆ ಬಂದ ಆಹಾರಕ್ಕಾಗಿ ದೇವರನ್ನು ಸ್ತುತಿಸುವುದೆಂದರೆ ಏನು? ಆ ಜೀವಕ್ಕೂ ನಾವು ಋಣಿಗಳೇ? ಯೇಸು ಕ್ರಿಸ್ತನ ಶಿಲುಬೆಯ ಮರಣವನ್ನು ‘ಬಲಿ’ ಎಂದು ಕರೆಯುವ ನಂಬಿಕೆಯಲ್ಲಿ, ಊಟಕ್ಕಾಗಿ ಕೊಯ್ದ ಕುರಿಯನ್ನೂ ಅದೇ ಮಾತಿನಿಂದ ಕರೆಯಬಹುದೇ?

ಈ ಪ್ರಶ್ನೆಗಳಿಗೆ ಭಕ್ತರ ನಡುವೆಯೇ ಕೇಳಿಬರುವ ಒಂದು ಸುಲಭದ ಉತ್ತರವಿದೆ: ಪ್ರಾಣಿಯು ನಮಗಾಗಿ ತನ್ನ ಪ್ರಾಣವನ್ನೇ ಕೊಟ್ಟಿದೆ, ಕ್ರಿಸ್ತನೂ ಹಾಗೆಯೇ ಕೊಟ್ಟನು, ಆದ್ದರಿಂದ ಇಬ್ಬರಿಗೂ ಕೃತಜ್ಞರಾಗಿರಬೇಕು. ಕೇಳಲು ಈ ಮಾತು ಮೃದುವಾಗಿದೆ, ಹೇಳುವವರ ಮನಸ್ಸೂ ಒಳ್ಳೆಯದೇ. ಆದರೆ ಬೈಬಲನ್ನು ಮೊದಲಿನಿಂದ ಓದುತ್ತ ಬಂದವರಿಗೆ ಈ ಹೋಲಿಕೆ ಒಂದು ಮುಖ್ಯವಾದ ಜಾಗದಲ್ಲಿ ಕೂಡಿಬರುವುದಿಲ್ಲ ಎಂಬುದು ಕಾಣುತ್ತದೆ. ಅದನ್ನು ವಿವರಿಸಲು ನಮ್ಮ ಭಾಷೆಯೇ ನೆರವಿಗೆ ಬರುತ್ತದೆ. ಕನ್ನಡದಲ್ಲಿ ‘ಬಲಿ’ ಬೇರೆ, ‘ತ್ಯಾಗ’ ಬೇರೆ. ಬಲಿಯನ್ನು ಕೊಡುವವರು ಇನ್ನೊಬ್ಬರು. ಬಲಿಯಾಗುವ ಜೀವದ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ತ್ಯಾಗವನ್ನಾದರೋ ಮಾಡುವವನು ತಾನೇ ಮಾಡಬೇಕು, ಬೇರೆಯವರು ಅವನ ಪರವಾಗಿ ಮಾಡಲು ಬರುವುದಿಲ್ಲ. ತಟ್ಟೆಯಲ್ಲಿರುವ ಮಾಂಸವು ತೆಗೆದುಕೊಂಡ ಜೀವ. ಯಾವ ಪ್ರಾಣಿಯೂ ತಾನಾಗಿ ಬಂದು ಅದನ್ನು ಕೊಟ್ಟಿಲ್ಲ. ಕ್ರೈಸ್ತ ಶಾಸ್ತ್ರವು ಈ ಸತ್ಯವನ್ನು ಎಲ್ಲಿಯೂ ಮರೆಮಾಚುವುದಿಲ್ಲ, ಮತ್ತು ಊಟದ ಮುಂಚಿನ ಆ ಚಿಕ್ಕ ಪ್ರಾರ್ಥನೆಗೆ ಭಾರ ಬಂದಿರುವುದು ಇಲ್ಲಿಂದಲೇ ಎಂದು ನಾನು ನಂಬುತ್ತೇನೆ.

ಬೈಬಲಿನ ಮೊದಲನೆಯ ಪುಸ್ತಕವಾದ ಆದಿಕಾಂಡದ 1ನೆಯ ಅಧ್ಯಾಯದಲ್ಲಿ, ದೇವರು ಮನುಷ್ಯರಿಗೆ ಆಹಾರವಾಗಿ ಕೊಡುವುದು ಬೀಜವುಳ್ಳ ಸಸ್ಯಗಳನ್ನು ಮತ್ತು ಹಣ್ಣಿನ ಮರಗಳನ್ನು; ಮೃಗಪಕ್ಷಿಗಳಿಗೆ ಕೊಡುವುದು ಹಸುರು ಪಲ್ಯವನ್ನು. ಅಲ್ಲಿ ಯಾರೂ ಯಾರನ್ನೂ ತಿನ್ನುವುದಿಲ್ಲ. ಮಾಂಸವನ್ನು ತಿನ್ನಲು ಅಪ್ಪಣೆ ಸಿಗುವುದು 9ನೆಯ ಅಧ್ಯಾಯದಲ್ಲಿ, ಜಲಪ್ರಳಯ ಇಳಿದು ನೋಹನು ನಾವೆಯಿಂದ ಹೊರಗೆ ಬಂದ ಮೇಲೆ. ಆ ಅಪ್ಪಣೆಯನ್ನು ಓದುವಾಗ ಅದರ ಸುತ್ತಮುತ್ತ ಇರುವ ಮಾತುಗಳನ್ನೂ ಗಮನಿಸಬೇಕು. ಅಪ್ಪಣೆಗೆ ಮುಂಚೆ ನೋಹನು ಯಜ್ಞವೇದಿಯನ್ನು ಕಟ್ಟಿ ದೇವರಿಗೆ ಹೋಮವನ್ನು ಅರ್ಪಿಸುತ್ತಾನೆ. ಅಪ್ಪಣೆಯ ಜೊತೆಯಲ್ಲೇ, ಇನ್ನು ಮುಂದೆ ಎಲ್ಲ ಪ್ರಾಣಿಗಳಿಗೂ ಮನುಷ್ಯನ ಭಯ ಇರುವುದು ಎಂಬ ಮಾತು ಬರುತ್ತದೆ. ಅಪ್ಪಣೆಯ ಬೆನ್ನಿಗೇ, ಜೀವವೆಂಬ ರಕ್ತದೊಡನೆ ಮಾಂಸವನ್ನು ತಿನ್ನಬಾರದು ಎಂಬ ಕಟ್ಟಳೆ ಬರುತ್ತದೆ. ಹೀಗೆ ಮಾಂಸಾಹಾರವು ಈ ಗ್ರಂಥದಲ್ಲಿ ಸೃಷ್ಟಿಯ ಮೊದಲ ದಿನಗಳ ವ್ಯವಸ್ಥೆಯಾಗಿ ಬರದೆ, ಕೆಟ್ಟುಹೋಗಿ ಮತ್ತೆ ಆರಂಭವಾದ ಲೋಕದಲ್ಲಿ ಗಡಿಯೊಂದನ್ನು ಹಾಕಿ ಕೊಟ್ಟ ಅನುಮತಿಯಾಗಿ ಬರುತ್ತದೆ. ಹಾಗೆಂದು ಅದು ಪಾಪವೆಂದು ಎಲ್ಲಿಯೂ ಹೇಳಿಲ್ಲ. ಎರಡು ಮಾತನ್ನೂ ಒಟ್ಟಿಗೆ ಹಿಡಿದುಕೊಳ್ಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ರಕ್ತದ ಕಟ್ಟಳೆಗೆ ಕಾರಣವನ್ನು ಬೈಬಲಿನ ಇನ್ನೊಂದು ಪುಸ್ತಕವಾದ ಯಾಜಕಕಾಂಡದ 17ನೆಯ ಅಧ್ಯಾಯ ಹೇಳುತ್ತದೆ: ದೇಹದ ಪ್ರಾಣವು ರಕ್ತದಲ್ಲಿದೆ, ಮತ್ತು ಆ ರಕ್ತವನ್ನು ಯಜ್ಞವೇದಿಯ ಮೇಲೆ ಪ್ರಾಯಶ್ಚಿತ್ತಕ್ಕಾಗಿ ದೇವರೇ ಕೊಟ್ಟಿದ್ದಾನೆ. ಇಲ್ಲಿ ‘ಪ್ರಾಣ’ ಎಂಬುದಕ್ಕೆ ಹೀಬ್ರೂ ಭಾಷೆಯಲ್ಲಿ ಬಳಸಿರುವ ಪದ ‘ನೆಫೆಶ್’. ಆದಿಕಾಂಡದಲ್ಲಿ ಮನುಷ್ಯನು ಜೀವಿಯಾದನು ಎನ್ನುವಾಗ ಬರುವುದೂ ಇದೇ ಪದ. ಮಾಂಸವನ್ನು ಮನುಷ್ಯನು ತಿನ್ನಬಹುದು, ಆದರೆ ಪ್ರಾಣವು ಅವನದಲ್ಲ. ಆದ್ದರಿಂದ ಬೇಟೆಯಾಡಿ ತಂದ ಪ್ರಾಣಿಯ ರಕ್ತವನ್ನೂ ನೆಲಕ್ಕೆ ಸುರಿಸಿ ಅದರ ಮೇಲೆ ಮಣ್ಣು ಮುಚ್ಚಬೇಕು ಎಂದು ಅದೇ ಅಧ್ಯಾಯ ವಿಧಿಸುತ್ತದೆ. ಯಾವ ಯಾಜಕನೂ ಇಲ್ಲದ ಕಾಡಿನಲ್ಲಿ, ಬೇಟೆಗಾರನೊಬ್ಬನು ಮೊಣಕಾಲೂರಿ ರಕ್ತ ಬಿದ್ದ ಜಾಗಕ್ಕೆ ಹಿಡಿ ಮಣ್ಣು ಎಳೆದು ಮುಚ್ಚುವ ಆ ದೃಶ್ಯವನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ.

ಇನ್ನು ಯಜ್ಞವೇದಿಯ ಹತ್ತಿರ ನಡೆಯುತ್ತಿದ್ದದ್ದನ್ನು ತುಸು ಸಮೀಪದಿಂದ ನೋಡಬೇಕು, ಏಕೆಂದರೆ ಪ್ರಾಣಿಯನ್ನು ಕೊಯ್ಯುವವನು ಯಾಜಕ, ತಂದವನು ದೂರ ನಿಂತು ನೋಡುತ್ತಾನೆ ಎಂದು ಬಹಳ ಜನ ಭಾವಿಸಿದ್ದಾರೆ. ಯಾಜಕಕಾಂಡದ 1ನೆಯ ಅಧ್ಯಾಯದ ಪ್ರಕಾರ, ಹೋರಿಯನ್ನೋ ಕುರಿಯನ್ನೋ ತಂದವನು ಆರಾಧನೆಯ ಡೇರೆಯಾದ ದೇವದರ್ಶನದ ಗುಡಾರದ ಬಾಗಿಲಲ್ಲಿ ಅದರ ತಲೆಯ ಮೇಲೆ ತನ್ನ ಕೈ ಇಡಬೇಕು. ಬಳಿಕ ಕೊಯ್ಯಬೇಕಾದವನೂ ಅವನೇ. ಯಾಜಕರ ಕೆಲಸ ರಕ್ತವನ್ನು ಹಿಡಿದು ವೇದಿಗೆ ಎರಚುವುದು, ಬೆಂಕಿಯನ್ನೂ ಕಟ್ಟಿಗೆಯನ್ನೂ ಸಿದ್ಧಪಡಿಸುವುದು. ಹಕ್ಕಿಯನ್ನು ತಂದಾಗ ಮಾತ್ರ ಯಾಜಕನೇ ಅದನ್ನು ಕೊಲ್ಲುತ್ತಾನೆ. ತನ್ನ ಮಂದೆಯಲ್ಲಿ ಹುಟ್ಟಿ, ತನ್ನ ಕಣ್ಣೆದುರು ಬೆಳೆದ, ಕುಂದಿಲ್ಲದ ಪ್ರಾಣಿಯ ನೆತ್ತಿಯ ಬಿಸುಪು ಅಂಗೈಗೆ ತಾಗುತ್ತಿರುವಾಗಲೇ ಅದರ ಕುತ್ತಿಗೆಗೆ ಕತ್ತಿ ಹಿಡಿಯಬೇಕಾದವನಿಗೆ, ಈ ಸಾವು ಯಾರಿಂದ, ಯಾರಿಗಾಗಿ ಆಗುತ್ತಿದೆ ಎಂಬುದನ್ನು ಬೇರೆಯವರು ವಿವರಿಸಬೇಕಾಗಿರಲಿಲ್ಲ. ಯಜ್ಞಕ್ಕೆ ಹೀಬ್ರೂವಿನಲ್ಲಿರುವ ‘ಕೊರ್ಬಾನ್’ ಎಂಬ ಪದವು ‘ಹತ್ತಿರ ಬರುವುದು’ ಎಂಬ ಅರ್ಥದ ಧಾತುವಿನಿಂದ ಬಂದಿದೆ.

ಯಜ್ಞಗಳಲ್ಲಿ ಅನೇಕ ವಿಧಗಳಿದ್ದವು. ಸರ್ವಾಂಗಹೋಮದಲ್ಲಿ ಮಾಂಸವೆಲ್ಲವೂ ಬೆಂಕಿಗೆ ಹೋಗುತ್ತಿತ್ತು. ಧಾನ್ಯನೈವೇದ್ಯದಲ್ಲಿ ಪ್ರಾಣಿಯೇ ಇರಲಿಲ್ಲ. ದೋಷಪರಿಹಾರಕ ಯಜ್ಞಕ್ಕೂ ಪ್ರಾಯಶ್ಚಿತ್ತ ಯಜ್ಞಕ್ಕೂ ಬೇರೆಯೇ ವಿಧಿಗಳಿದ್ದವು. ನಮ್ಮ ವಿಷಯಕ್ಕೆ ಬೇಕಾದದ್ದು ಸಮಾಧಾನಯಜ್ಞ. ಇದರಲ್ಲಿ ಕೊಬ್ಬನ್ನು ವೇದಿಯ ಮೇಲೆ ಸುಡುತ್ತಿದ್ದರು, ಎದೆಯ ಭಾಗವೂ ಬಲದೊಡೆಯೂ ಯಾಜಕರ ಪಾಲಾಗುತ್ತಿತ್ತು, ಮಿಕ್ಕ ಮಾಂಸವನ್ನು ತಂದವನೇ ತನ್ನವರೊಡನೆ ಕುಳಿತು ಉಣ್ಣುತ್ತಿದ್ದನು. ಅಂದರೆ ಇದು ದೇವರ ಸನ್ನಿಧಿಯಲ್ಲಿ ನಡೆಯುವ ಊಟ. ಇದರಲ್ಲೂ ಒಂದು ವಿಶೇಷ ಬಗೆಯುಂಟು, ಅದೇ ಕೃತಜ್ಞತೆಯ ಯಜ್ಞ. ಹೀಬ್ರೂವಿನಲ್ಲಿ ಅದರ ಹೆಸರು ‘ತೋದಾ’. ಸಾವಿನ ದವಡೆಯಿಂದ ಪಾರಾದವನು, ರೋಗದಿಂದ ಎದ್ದವನು, ಸೆರೆಯಿಂದ ಬಿಡುಗಡೆಯಾದವನು ಸಲ್ಲಿಸುವ ಸ್ತೋತ್ರವಿದು. ಬೈಬಲಿನ 107ನೆಯ ಮತ್ತು 116ನೆಯ ಕೀರ್ತನೆಗಳಲ್ಲಿ ಇದರ ಮಾತು ಬರುತ್ತದೆ.

ಯಾಜಕಕಾಂಡದ 7ನೆಯ ಅಧ್ಯಾಯ ಈ ಯಜ್ಞಕ್ಕೆ ಎರಡು ಷರತ್ತುಗಳನ್ನು ಹಾಕುತ್ತದೆ. ಮಾಂಸದ ಜೊತೆ ಹುಳಿಯಿಲ್ಲದ ರೊಟ್ಟಿಗಳನ್ನೂ ಹುಳಿಹಿಟ್ಟಿನ ರೊಟ್ಟಿಗಳನ್ನೂ ತರಬೇಕು. ಮತ್ತು ಮಾಂಸವನ್ನು ಅದೇ ದಿನ ತಿಂದು ಮುಗಿಸಬೇಕು, ಮರುದಿನ ಬೆಳಿಗ್ಗೆಗೆ ಏನನ್ನೂ ಉಳಿಸಬಾರದು. ಹರಕೆಯ ಯಜ್ಞದ ಮಾಂಸಕ್ಕೆ ಎರಡು ದಿನಗಳ ಅವಕಾಶವಿತ್ತು, ಕೃತಜ್ಞತೆಯದಕ್ಕೆ ಒಂದೇ ದಿನ. ಏಕೆ ಎಂದು ಗ್ರಂಥವು ಹೇಳುವುದಿಲ್ಲ. ಆದರೆ ಒಂದು ಸಂಸಾರವು ಒಂದು ಇಡೀ ಕುರಿಯನ್ನು, ಅಷ್ಟೊಂದು ರೊಟ್ಟಿಗಳನ್ನು, ಸೂರ್ಯ ಮುಳುಗಿ ಮತ್ತೆ ಮೂಡುವುದರೊಳಗೆ ತಿಂದು ಮುಗಿಸಲು ಸಾಧ್ಯವೇ ಎಂದು ಯೋಚಿಸಿದರೆ, ಆ ವಿಧಿಯು ಏನನ್ನು ಅನಿವಾರ್ಯ ಮಾಡುತ್ತಿತ್ತು ಎಂಬುದು ತಾನಾಗಿ ತಿಳಿಯುತ್ತದೆ: ನೆರೆಯವರನ್ನು ಕರೆಯಬೇಕು, ಬಡವರಿಗೆ ಎಲೆ ಹಾಕಬೇಕು, ಏಕೆ ಕರೆದೆ ಎಂದು ಕೇಳಿದವರಿಗೆಲ್ಲ ದೇವರು ತನಗೆ ಮಾಡಿದ ಉಪಕಾರವನ್ನು ಹೇಳಬೇಕು. ಕೃತಜ್ಞತೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಸುಮ್ಮನಿರಲು ಆ ಕಟ್ಟಳೆಯಲ್ಲಿ ಜಾಗವಿರಲಿಲ್ಲ.

ಎಲ್ಲ ಮಾಂಸವೂ ಯಜ್ಞದ ಮಾಂಸವೇ ಆಗಿತ್ತೇ? ಯಾಜಕಕಾಂಡದ 17ನೆಯ ಅಧ್ಯಾಯವು ಹಾಗೆಯೇ ಹೇಳುವಂತೆ ತೋರುತ್ತದೆ. ಹೋರಿ, ಕುರಿ, ಮೇಕೆಯನ್ನು ಗುಡಾರದ ಬಾಗಿಲಿಗೆ ತಾರದೆ ಬೇರೆಲ್ಲೋ ಕೊಯ್ದವನು ರಕ್ತ ಸುರಿಸಿದವನೆಂದು ಎಣಿಕೆಯಾಗುತ್ತಾನೆ. ಆದರೆ ಧರ್ಮೋಪದೇಶಕಾಂಡದ 12ನೆಯ ಅಧ್ಯಾಯದಲ್ಲಿ, ದೇವರು ಆರಿಸಿಕೊಂಡ ಸ್ಥಳವು ದೂರವಾಗಿದ್ದರೆ ಜನರು ತಮ್ಮ ತಮ್ಮ ಊರುಗಳಲ್ಲೇ ಪ್ರಾಣಿಗಳನ್ನು ಕೊಯ್ದು, ಜಿಂಕೆಯನ್ನು ತಿನ್ನುವಂತೆ ತಿನ್ನಬಹುದು, ರಕ್ತವನ್ನು ಮಾತ್ರ ನೀರಿನಂತೆ ನೆಲಕ್ಕೆ ಸುರಿದುಬಿಡಬೇಕು ಎಂಬ ಅವಕಾಶವಿದೆ. ಊಟದ ಮಾಂಸ ಮತ್ತು ಯಜ್ಞದ ಮಾಂಸ ಎಂಬ ಭೇದ ಹೀಗೆ ಹುಟ್ಟಿತು. ವೇದಿಯಿಂದ ದೂರವಾದ ಊಟದಲ್ಲಿ ಯಜ್ಞದ ನೆನಪಾಗಿ ಉಳಿದದ್ದು ನೆಲಕ್ಕೆ ಸುರಿದ ಆ ರಕ್ತ ಮತ್ತು, ಕಾಲ ಕಳೆದಂತೆ, ಊಟದ ಮುಂಚೆ ಹೇಳುವ ಸ್ತೋತ್ರ.

ಪ್ರವಾದಿಗಳು ಯಜ್ಞವನ್ನೇ ನೆಚ್ಚಿಕೊಂಡವರನ್ನು ಕಟುವಾಗಿ ಖಂಡಿಸಿದ್ದನ್ನು ಇಲ್ಲಿ ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗಬಹುದು. ನನಗೆ ಯಜ್ಞವಲ್ಲ, ಕರುಣೆಯೇ ಬೇಕು ಎಂಬ ಹೋಶೇಯನ ಮಾತನ್ನು ಯೇಸು ಮತ್ತಾಯನ ಸುವಾರ್ತೆಯಲ್ಲಿ ಎರಡು ಸಲ ನೆನಪಿಸುತ್ತಾನೆ. 50ನೆಯ ಕೀರ್ತನೆಯಲ್ಲಿ ದೇವರು, ನನಗೆ ಹಸಿವಾದರೆ ನಿನ್ನನ್ನು ಕೇಳುವೆನೇ, ಹೋರಿಗಳ ಮಾಂಸವನ್ನು ನಾನು ತಿನ್ನುವೆನೇ ಎಂದು ಕೇಳಿ, ಕೃತಜ್ಞತೆಯನ್ನೇ ಯಜ್ಞವಾಗಿ ಸಲ್ಲಿಸು ಎನ್ನುತ್ತಾನೆ. ಯಜ್ಞವು ದೇವರ ಹೊಟ್ಟೆಯನ್ನು ತುಂಬಿಸುವುದಕ್ಕಲ್ಲ ಎಂಬುದು ಆಗಲೇ ನಿರ್ಣಯವಾಗಿತ್ತು.

ಯೇಸು ಮಾಂಸಾಹಾರವನ್ನು ನಿಷೇಧಿಸಲಿಲ್ಲ. ಐದು ರೊಟ್ಟಿ ಎರಡು ಮೀನುಗಳನ್ನು ತೆಗೆದುಕೊಂಡು ಸ್ತೋತ್ರ ಮಾಡಿ ಜನರಿಗೆ ಹಂಚಿಸಿದನು. ಪುನರುತ್ಥಾನದ ನಂತರ ಶಿಷ್ಯರ ಮುಂದೆ ಸುಟ್ಟ ಮೀನಿನ ತುಂಡನ್ನು ತಿಂದನೆಂದು ಲೂಕನು ಬರೆದಿದ್ದಾನೆ. ಆದರೆ ಅವನ ಕಡೆಯ ಭೋಜನದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮತ್ತಾಯ, ಮಾರ್ಕ, ಲೂಕರ ಪ್ರಕಾರ ಅದು ಪಸ್ಕಹಬ್ಬದ ಊಟ. ಪಸ್ಕವೆಂದರೆ ಐಗುಪ್ತದ ದಾಸತ್ವದಿಂದ ಬಿಡುಗಡೆಯಾದ ರಾತ್ರಿಯ ನೆನಪು, ಮತ್ತು ಅದರ ನಡುವೆ ಇರಬೇಕಾದದ್ದು ಕುಂದಿಲ್ಲದ ಕುರಿಮರಿಯ ಮಾಂಸ. ಆದರೂ ಯೇಸು ಕೈಗೆತ್ತಿಕೊಂಡು ಇದು ನನ್ನ ದೇಹ, ಇದು ನನ್ನ ರಕ್ತ ಎಂದು ಹೇಳಿದ್ದು ರೊಟ್ಟಿಯನ್ನೂ ದ್ರಾಕ್ಷಾರಸದ ಪಾತ್ರೆಯನ್ನೂ ಕುರಿತು. ಕುರಿಮರಿಯ ಸ್ಥಾನವನ್ನು ತುಂಬಲು ಅವನೇ ಹೋಗುತ್ತಿದ್ದನು. ಯೋಹಾನನ ಸುವಾರ್ತೆಯಲ್ಲಿ ಶಿಲುಬೆಯ ಮರಣವು ಪಸ್ಕದ ಸಿದ್ಧತೆಯ ದಿನ ನಡೆಯುತ್ತದೆ. ಪಸ್ಕದ ಕುರಿಯ ಎಲುಬನ್ನು ಮುರಿಯಬಾರದು ಎಂಬ ವಿಮೋಚನಕಾಂಡದ ವಿಧಿಯನ್ನು ನೆನಪಿಸುವಂತೆ, ಸೈನಿಕರು ಅವನ ಕಾಲುಗಳನ್ನು ಮುರಿಯಲಿಲ್ಲ ಎಂದು ಯೋಹಾನನು ವಿಶೇಷವಾಗಿ ದಾಖಲಿಸುತ್ತಾನೆ.

ಕುರಿಮರಿಗೂ ಕ್ರಿಸ್ತನಿಗೂ ಇರುವ ಅಂತರವನ್ನು ಅದೇ ಸುವಾರ್ತೆಯ 10ನೆಯ ಅಧ್ಯಾಯ ಹೇಳುತ್ತದೆ. ನನ್ನ ಪ್ರಾಣವನ್ನು ಯಾರೂ ನನ್ನಿಂದ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಅದನ್ನು ಕೊಡುತ್ತೇನೆ ಎಂದು ಯೇಸು ಅಲ್ಲಿ ಹೇಳುತ್ತಾನೆ. ಯಜ್ಞವೇದಿಗೆ ತಂದ ಯಾವ ಪ್ರಾಣಿಯೂ ಹೀಗೆ ಹೇಳಲಾರದಾಗಿತ್ತು. ಬಲಿ ಮತ್ತು ತ್ಯಾಗ ಎಂಬ ಎರಡು ಪದಗಳು ಒಂದೇ ವ್ಯಕ್ತಿಯಲ್ಲಿ ಕೂಡಿದ್ದು ಶಿಲುಬೆಯಲ್ಲಿ ಎಂಬುದೇ ಕ್ರೈಸ್ತ ನಂಬಿಕೆಯ ತಿರುಳು. ಹೋರಿಗಳ ಮತ್ತು ಮೇಕೆಗಳ ರಕ್ತದಿಂದ ಪಾಪ ಪರಿಹಾರವಾಗುವುದು ಅಸಾಧ್ಯ, ಕ್ರಿಸ್ತನು ಒಂದೇ ಸಾರಿ ತನ್ನನ್ನು ಅರ್ಪಿಸಿಕೊಂಡನು ಎಂದು ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುವುದು ಇದನ್ನೇ. ಆದ್ದರಿಂದ ಊಟಕ್ಕಾಗಿ ಕೊಯ್ದ ಪ್ರಾಣಿಯನ್ನು ಕ್ರಿಸ್ತನ ಸಾಲಿನಲ್ಲಿ ನಿಲ್ಲಿಸುವುದರಿಂದ ಎರಡು ಕಡೆಗೂ ನಷ್ಟವಾಗುತ್ತದೆ: ಸ್ವಂತ ಇಚ್ಛೆಯಿಂದ ಕೊಟ್ಟವನ ಕೊಡುಗೆ ಹಗುರವಾಗುತ್ತದೆ, ಒಪ್ಪಿಗೆಯಿಲ್ಲದೆ ಸತ್ತ ಪ್ರಾಣಿಯ ಸಾವು ಅದೇ ಬಯಸಿದ್ದೆಂಬಂತೆ ಕಾಣತೊಡಗುತ್ತದೆ.

ಕ್ರಿ.ಶ. 70ರಲ್ಲಿ ರೋಮನ್ ಸೈನ್ಯವು ಯೆರೂಸಲೇಮಿನ ದೇವಾಲಯವನ್ನು ಕೆಡವಿದ ಮೇಲೆ ಅಲ್ಲಿಯ ಯಜ್ಞಗಳು ನಿಂತುಹೋದವು. ಕ್ರೈಸ್ತರ ಆರಾಧನೆಯ ನಡುವೆ ಇದ್ದದ್ದು ಆಗಲೇ ರೊಟ್ಟಿ ಮತ್ತು ದ್ರಾಕ್ಷಾರಸ. ಆ ಆರಾಧನೆಗೆ ಗ್ರೀಕ್ ಭಾಷೆಯಲ್ಲಿ ಬಂದ ಹೆಸರು ‘ಯೂಖರಿಸ್ತಿಯಾ’, ಅಂದರೆ ಕೃತಜ್ಞತಾಸ್ತುತಿ. ಕಥೋಲಿಕರು ಅದನ್ನು ಕನ್ನಡದಲ್ಲಿ ಬಲಿಪೂಜೆ ಎನ್ನುತ್ತಾರೆ, ಏಕೆಂದರೆ ಶಿಲುಬೆಯ ಒಂದೇ ಬಲಿಯು ರಕ್ತವಿಲ್ಲದ ರೀತಿಯಲ್ಲಿ ಅಲ್ಲಿ ಮತ್ತೆ ಸನ್ನಿಹಿತವಾಗುತ್ತದೆ ಎಂಬುದು ಅವರ ಬೋಧನೆ. ಪ್ರೊಟೆಸ್ಟೆಂಟ್ ಸಭೆಗಳು, ಅಂದರೆ ಚರ್ಚುಗಳು, ಕರ್ತನ ಭೋಜನ ಎನ್ನುತ್ತವೆ, ಮತ್ತು ಅದನ್ನು ಮುಗಿದುಹೋದ ಬಲಿಯ ಸ್ಮರಣೆಯಾಗಿ, ಸ್ತೋತ್ರವಾಗಿ ನೋಡುವತ್ತ ಒಲಿದಿವೆ. ಆ ಚರ್ಚೆ ದೊಡ್ಡದು, ಇಲ್ಲಿ ಬೇಕಾಗಿಲ್ಲ. ಕೃತಜ್ಞತೆ ಎಂಬ ಪದವೇ ಆರಾಧನೆಯ ಹೆಸರಾಯಿತು ಎಂಬುದು ನಮಗೆ ಮುಖ್ಯ.

ಹೀಗೆ ವೇದಿಯಿಂದ ಬಿಡುಗಡೆಯಾದ ಮಾಂಸವನ್ನು ಕ್ರೈಸ್ತರು ಹೇಗೆ ತಿನ್ನಬೇಕು ಎಂಬ ಪ್ರಶ್ನೆ ತೀಕ್ಷ್ಣವಾಗಿ ಎದ್ದದ್ದು ಗ್ರೀಸಿನ ಕೊರಿಂಥ ಪಟ್ಟಣದಲ್ಲಿ. ಅಲ್ಲಿಯ ದೇವಾಲಯಗಳಲ್ಲಿ ವಿಗ್ರಹಗಳಿಗೆ ಅರ್ಪಿಸಿದ ಪ್ರಾಣಿಗಳ ಮಾಂಸವು ಪೇಟೆಯ ಕಟುಕರ ಅಂಗಡಿಗಳಿಗೂ ಬರುತ್ತಿತ್ತು, ಮತ್ತು ಕೊಳ್ಳುವವರಿಗೆ ಯಾವುದು ಎಲ್ಲಿಂದ ಬಂದದ್ದೆಂದು ತಿಳಿಯುವ ಬಗೆ ಇರಲಿಲ್ಲ. ದೇವಾಲಯ ಬೀಳುವುದಕ್ಕೂ ಮುಂಚೆ, ಕ್ರಿ.ಶ. 50ರ ದಶಕದಲ್ಲಿ, ಅಪೊಸ್ತಲನಾದ ಪೌಲನು ಅಲ್ಲಿಯ ಕ್ರೈಸ್ತರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಕೊಟ್ಟ ಉತ್ತರ ಮೂರು ಮಜಲಿನದು. ಪೇಟೆಯಲ್ಲಿ ಮಾರುವುದನ್ನು ಏನೂ ವಿಚಾರಿಸದೆ ಕೊಂಡು ತಿನ್ನಿರಿ, ಏಕೆಂದರೆ ಭೂಮಿಯೂ ಅದರಲ್ಲಿರುವುದೆಲ್ಲವೂ ಕರ್ತನದು. ಆದರೆ ಊಟಕ್ಕೆ ಕರೆದ ಮನೆಯಲ್ಲಿ ಯಾರಾದರೂ ಇದು ಅರ್ಪಿಸಿದ ಮಾಂಸ ಎಂದು ತಿಳಿಸಿದರೆ, ತಿಳಿಸಿದವನ ಮನಸ್ಸಾಕ್ಷಿಯ ಸಲುವಾಗಿ ತಿನ್ನಬೇಡಿರಿ. ಇವೆರಡಕ್ಕೂ ಮೇಲೆ, ನನ್ನ ಆಹಾರದಿಂದ ನನ್ನ ಸಹೋದರನು ಎಡವಿ ಬೀಳುವುದಾದರೆ ನಾನು ಎಂದೆಂದಿಗೂ ಮಾಂಸವನ್ನು ತಿನ್ನುವುದೇ ಇಲ್ಲ. ಪೌಲನು ಇಲ್ಲಿ ಎತ್ತಿಹೇಳುವ ‘ಭೂಮಿಯು ಕರ್ತನದು’ ಎಂಬ 24ನೆಯ ಕೀರ್ತನೆಯ ವಚನವನ್ನು ಯೆಹೂದಿ ಗುರುಗಳು ಊಟದ ಮುಂಚಿನ ಸ್ತೋತ್ರಕ್ಕೆ ಆಧಾರವಾಗಿ ಬಳಸುತ್ತಿದ್ದರು: ಎಲ್ಲವೂ ದೇವರದಾಗಿರುವಾಗ, ಅವನನ್ನು ಸ್ತುತಿಸದೆ ಯಾವುದನ್ನೂ ರುಚಿ ನೋಡಬಾರದು. ಹೀಗಾಗಿ, ನಾನು ಕೃತಜ್ಞತೆಯಿಂದ ತಿಂದರೆ ನನ್ನನ್ನು ದೂಷಿಸುವುದೇಕೆ ಎಂದು ಪೌಲನು ಕೇಳುವಾಗ, ಕೃತಜ್ಞತೆ ಎಂಬುದು ಊಟದ ಶಿಷ್ಟಾಚಾರವಾಗಿರದೆ, ತಿನ್ನುವ ವಸ್ತು ತನ್ನದಲ್ಲ ಎಂಬ ಒಪ್ಪಿಗೆಯಾಗಿದೆ.

ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಅಲ್ಲಿಯ ಸಭೆಯಲ್ಲಿ ಎಲ್ಲವನ್ನೂ ತಿನ್ನುವವರೂ ಇದ್ದರು, ಕಾಯಿಪಲ್ಯವನ್ನು ಮಾತ್ರ ತಿನ್ನುವವರೂ ಇದ್ದರು. ತಿನ್ನುವವನು ದೇವರಿಗೆ ಸ್ತೋತ್ರ ಹೇಳಿ ತಿನ್ನುತ್ತಾನೆ, ತಿನ್ನದವನು ದೇವರಿಗೆ ಸ್ತೋತ್ರ ಹೇಳಿ ತಿನ್ನದಿರುತ್ತಾನೆ. ಆದ್ದರಿಂದ ಒಬ್ಬರು ಇನ್ನೊಬ್ಬರನ್ನು ಹೀನೈಸಬಾರದು, ತೀರ್ಪು ಮಾಡಬಾರದು. ಮಾಂಸದ ವಿಷಯದಲ್ಲಿ ಇಬ್ಬರ ತಟ್ಟೆಗಳೂ ಬೇರೆಯಾಗಿದ್ದರೂ ಪ್ರಾರ್ಥನೆ ಒಂದೇ ಎಂಬ ಈ ಮಾತನ್ನು ಎರಡು ಕಡೆಯವರೂ ಇಂದಿಗೂ ಮತ್ತೆ ಮತ್ತೆ ಓದಬೇಕೆಂದು ನನಗನಿಸುತ್ತದೆ. ಯೆರೂಸಲೇಮಿನ ಅಪೊಸ್ತಲರ ಸಭೆಯು ಅನ್ಯಜನರಿಂದ ಬಂದ ವಿಶ್ವಾಸಿಗಳಿಗೆ ವಿಗ್ರಹಕ್ಕೆ ಅರ್ಪಿಸಿದ್ದನ್ನು, ರಕ್ತವನ್ನು, ಕುತ್ತಿಗೆ ಹಿಸುಕಿ ಕೊಂದದ್ದನ್ನು ಬಿಡಬೇಕೆಂದು ತಿಳಿಸಿತ್ತು. ಪಶ್ಚಿಮದ ಸಭೆಗಳಲ್ಲಿ ರಕ್ತದ ನಿಷೇಧ ಕಾಲಕ್ರಮೇಣ ಬಳಕೆ ತಪ್ಪಿತು, ಪೂರ್ವದ ಸಭೆಗಳ ನಿಯಮಗಳಲ್ಲಿ ಅದು ಉಳಿದಿದೆ.

ಮುಂದಿನ ಶತಮಾನಗಳಲ್ಲಿ ಮಾಂಸವೇ ಅಶುದ್ಧ, ದೇಹವೇ ಕೆಟ್ಟದ್ದು ಎನ್ನುವ ಪಂಥಗಳು ಹುಟ್ಟಿಕೊಂಡವು. ಇವುಗಳಿಗೆ ಸಭೆಯು ಕೊಟ್ಟ ಉತ್ತರ ಸೂಕ್ಷ್ಮವಾದದ್ದು. ಇಂದಿನ ಟರ್ಕಿಯ ಅಂಕಾರಾದಲ್ಲಿ 314ರಲ್ಲಿ ಸೇರಿದ ಧರ್ಮಸಭೆಯು, ಮಾಂಸವನ್ನು ಬಿಟ್ಟಿರುವ ಯಾಜಕರು ಮೊದಲು ಅದರ ರುಚಿ ನೋಡಿ, ಬಳಿಕ ಬೇಕಾದರೆ ಬಿಡಬಹುದೆಂದು ವಿಧಿಸಿತು. ಬಿಡುವುದಕ್ಕೆ ಅಡ್ಡಿಯಿಲ್ಲ, ಹೇಸಿ ಬಿಡುವುದಕ್ಕೆ ಅಡ್ಡಿಯುಂಟು. ಅದೇ ಶತಮಾನದ ನಡುಭಾಗದಲ್ಲಿ ಗಂಗ್ರ ಎಂಬಲ್ಲಿ ಸೇರಿದ ಸಭೆಯು, ಭಕ್ತಿಯಿಂದ ಮಾಂಸ ತಿನ್ನುವವನಿಗೆ ರಕ್ಷಣೆಯ ನಿರೀಕ್ಷೆಯಿಲ್ಲ ಎನ್ನುವವರನ್ನು ಬಹಿಷ್ಕರಿಸಿತು. ಹಾಗಿದ್ದೂ ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರ ಮಠದ ನಿಯಮವು, ಬಹಳ ನಿಶ್ಶಕ್ತರಾದ ರೋಗಿಗಳನ್ನು ಬಿಟ್ಟು ಉಳಿದವರೆಲ್ಲರೂ ನಾಲ್ಕು ಕಾಲಿನ ಪ್ರಾಣಿಗಳ ಮಾಂಸವನ್ನು ತ್ಯಜಿಸಬೇಕೆಂದು ಹೇಳಿತು. ಇದರಲ್ಲಿ ವಿರೋಧವಿಲ್ಲ. ಕೆಟ್ಟದ್ದನ್ನು ಬಿಟ್ಟರೆ ಅದು ತ್ಯಾಗವಾಗುವುದಿಲ್ಲ. ಒಳ್ಳೆಯದನ್ನು, ದೇವರು ಕೊಟ್ಟದ್ದನ್ನು ಬಿಟ್ಟಾಗಲೇ ಅದಕ್ಕೆ ಆ ಹೆಸರು.

ಶುಕ್ರವಾರದ ಮತ್ತು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಮಾಂಸವರ್ಜನೆಯ ಹಿಂದೆ ಇರುವುದೂ ಇದೇ ಲೆಕ್ಕ. ಕ್ರಿಸ್ತನು ತನ್ನ ದೇಹವನ್ನು ಕೊಟ್ಟ ವಾರದ ದಿನವಾದ್ದರಿಂದ ಶುಕ್ರವಾರ ಹಬ್ಬದ ಆಹಾರವಾದ ಮಾಂಸವನ್ನು ಬಿಡುವ ರೂಢಿ ಬಂತು. ಕಥೋಲಿಕ ಸಭೆಯ 1983ರ ಧರ್ಮಸಂಹಿತೆಯ ಪ್ರಕಾರ 14 ವರ್ಷ ತುಂಬಿದವರಿಗೆ ಈ ವರ್ಜನೆ ಅನ್ವಯಿಸುತ್ತದೆ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರದಂದು ಅದರ ಜೊತೆ ಉಪವಾಸವೂ ಸೇರುತ್ತದೆ. ಉಳಿದ ಶುಕ್ರವಾರಗಳಲ್ಲಿ ಅದಕ್ಕೆ ಬದಲಾಗಿ ಬೇರೆ ತಪಸ್ಸನ್ನು ಗೊತ್ತುಮಾಡುವ ಅಧಿಕಾರ ಆಯಾ ದೇಶದ ಬಿಷಪ್ಪರ ಮಂಡಳಿಗಿದೆ. ಆರ್ಥೊಡಾಕ್ಸ್ ಸಭೆಗಳ ನಿಯಮ ಇನ್ನೂ ಕಠಿಣ. ಪಾಸ್ಖಕ್ಕೆ, ಅಂದರೆ ಈಸ್ಟರ್ ಹಬ್ಬಕ್ಕೆ, ಮುಂಚಿನ ಮಹಾ ಉಪವಾಸದಲ್ಲಿ ಮಾಂಸದ ಜೊತೆಗೆ ಮೊಟ್ಟೆ, ಹಾಲು, ಗಿಣ್ಣುಗಳನ್ನೂ ಬಿಡುತ್ತಾರೆ. ಪ್ರಾಣಿಯ ಬಲಿ ತಿನ್ನುವವನಿಂದ ಏನನ್ನೂ ಕೇಳುವುದಿಲ್ಲ, ಆದರೆ ಈ ವರ್ಜನೆಯಲ್ಲಿ ಬಿಡಬೇಕಾದವನು ತಾನೇ. ಬಿಟ್ಟದ್ದು ಹಸಿದವನ ಪಾಲಾಗಬೇಕು ಎಂಬುದು ಯೆಶಾಯನ 58ನೆಯ ಅಧ್ಯಾಯದ ಬೇಡಿಕೆ. ಮಾಂಸ ಬಿಟ್ಟು ಅದಕ್ಕಿಂತ ದುಬಾರಿಯಾದ ಇನ್ನೇನನ್ನೋ ತಿಂದರೆ ಅಲ್ಲಿ ಏನೂ ನಡೆದಂತಾಗುವುದಿಲ್ಲ.

ಮಾಂಸ, ಸ್ತೋತ್ರ, ಹಂಚಿಕೆ ಈ ಮೂರನ್ನೂ ಒಟ್ಟಿಗೆ ಉಳಿಸಿಕೊಂಡ ಎರಡು ಉದಾಹರಣೆಗಳನ್ನು ಹೇಳಲೇಬೇಕು. 601ರಲ್ಲಿ ಪೋಪ್ ಮೊದಲನೆಯ ಗ್ರೆಗರಿಯವರು ಇಂಗ್ಲೆಂಡಿಗೆ ಹೊರಟಿದ್ದ ಮೆಲ್ಲಿಟಸ್ ಎಂಬ ಸನ್ಯಾಸಿಗೆ ಬರೆದ ಪತ್ರದಲ್ಲಿ, ಅಲ್ಲಿಯ ಜನರು ವಿಗ್ರಹಗಳಿಗೆ ಎತ್ತುಗಳನ್ನು ಬಲಿಕೊಡುವುದನ್ನು ಬಿಡಲಿ, ಆದರೆ ಹಬ್ಬದ ದಿನ ಅವುಗಳನ್ನು ಊಟಕ್ಕಾಗಿ ಕೊಯ್ದು, ಎಲ್ಲವನ್ನೂ ಕೊಡುವ ದೇವರನ್ನು ಸ್ತುತಿಸಲಿ ಎಂದು ಸಲಹೆಮಾಡಿದರು. ಬಲಿಯನ್ನು ಸ್ತೋತ್ರದ ಊಟವಾಗಿ ಬದಲಿಸಿದ ಸ್ಪಷ್ಟ ದಾಖಲೆ ಇದು. ಇನ್ನೊಂದು ಅರ್ಮೇನಿಯದ ಸಭೆಯಲ್ಲಿ ಇಂದಿಗೂ ಇರುವ ‘ಮತಾಘ್’. ಅಲ್ಲಿ ಯಾಜಕರು ಆಶೀರ್ವದಿಸಿದ ಉಪ್ಪನ್ನು ಪ್ರಾಣಿಗೆ ತಿನ್ನಿಸಿ, ಅದನ್ನು ಕೊಯ್ದು, ಮಾಂಸವನ್ನು ಉಪ್ಪುನೀರಿನಲ್ಲಿ ಬೇಯಿಸಿ ಬಡವರಿಗೆ, ನೆರೆಯವರಿಗೆ ಹಂಚುತ್ತಾರೆ. ಇದು ಪಾಪಪರಿಹಾರದ ಯಜ್ಞವಲ್ಲ, ದಾನ ಎಂದು ಆ ಸಭೆಯೇ ಒತ್ತಿಹೇಳುತ್ತದೆ. ತೋದಾ ಯಜ್ಞದ ಊಟದ ನೆರಳು ಇದರಲ್ಲಿ ಕಾಣುತ್ತದೆ.

ಸ್ತೋತ್ರ ಹೇಳಿದ ಮಾತ್ರಕ್ಕೆ ಯಾವ ಮಾಂಸವೂ ಸರಿಯೇ? ದೇವರು ಸೃಷ್ಟಿಸಿದ್ದೆಲ್ಲವೂ ಒಳ್ಳೆಯದು, ಕೃತಜ್ಞತೆಯಿಂದ ಸ್ವೀಕರಿಸಿದರೆ ಯಾವುದೂ ತಿರಸ್ಕಾರಯೋಗ್ಯವಲ್ಲ ಎಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆ ಹೇಳುವುದನ್ನು ಅನೇಕರು ಹೀಗೆ ಓದುತ್ತಾರೆ. ಆದರೆ ಆ ವಚನ ಮಾತನಾಡುತ್ತಿರುವುದು ಆಹಾರದ ಶುದ್ಧಾಶುದ್ಧತೆಯ ಬಗ್ಗೆ. ಅದನ್ನು ಪಡೆಯುವ ರೀತಿಯ ಬಗ್ಗೆ ಬೈಬಲಿನಲ್ಲಿ ಬೇರೆ ಮಾತುಗಳಿವೆ. ಕಣ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಕಟ್ಟಬಾರದು. ತಾಯಿಯನ್ನೂ ಮರಿಯನ್ನೂ ಒಂದೇ ದಿನ ಕೊಯ್ಯಬಾರದು. ನೀತಿವಂತನು ತನ್ನ ಪಶುಗಳ ಪ್ರಾಣವನ್ನು ಲಕ್ಷಿಸುತ್ತಾನೆ. ಪ್ರಾಣಿಗಳನ್ನು ಆಹಾರಕ್ಕೆ ಬಳಸುವುದು ನ್ಯಾಯವೆಂದು ಒಪ್ಪುವ ಕಥೋಲಿಕ ಧರ್ಮೋಪದೇಶ ಗ್ರಂಥವೇ, ಅವುಗಳನ್ನು ಅನಗತ್ಯವಾಗಿ ನರಳಿಸುವುದು, ಕೊಲ್ಲುವುದು ಮನುಷ್ಯನ ಘನತೆಗೆ ವಿರುದ್ಧ ಎಂದೂ ಹೇಳುತ್ತದೆ. ಇಂದು ಮಾಂಸಕ್ಕಾಗಿ ಸಾಕುವ ಕೋಳಿ ಮೊಟ್ಟೆಯೊಡೆದು ಬಂದ ಆರೇಳು ವಾರಗಳಲ್ಲಿ ಕಟುಕನ ಕೈ ಸೇರುತ್ತದೆ. ಅಷ್ಟು ಬೇಗ ಮೈತುಂಬುವಂತೆ ಬೆಳೆಸಿದ ತಳಿಯ ಕಾಲುಗಳು ಎಷ್ಟೋ ಸಲ ಅದರ ಭಾರವನ್ನು ಹೊರಲಾರವು. ಪ್ರಾಣಿಯ ತಲೆಯ ಮೇಲೆ ಕೈ ಇಟ್ಟವನಿಗೆ ತಿಳಿಯುತ್ತಿದ್ದದ್ದು ನಮಗೆ ತಿಳಿಯದಂತೆ ಗೋಡೆಗಳು ಎದ್ದಿವೆ. ಆ ಗೋಡೆಯ ಆಚೆ ಏನು ನಡೆಯುತ್ತದೆಂದು ತಿಳಿದುಕೊಳ್ಳಲು ಇಷ್ಟಪಡದೆ ಹೇಳುವ ಸ್ತೋತ್ರವು ಪೌಲನು ಹೇಳಿದ ಕೃತಜ್ಞತೆಯೇ ಎಂಬ ಪ್ರಶ್ನೆಯನ್ನು ನಾವು ತಪ್ಪಿಸಿಕೊಳ್ಳಬಾರದು.

ಈ ಪ್ರಶ್ನೆಯನ್ನೆತ್ತಿ ಮಾಂಸವನ್ನೇ ಬಿಟ್ಟ ಕ್ರೈಸ್ತರೂ ಇದ್ದಾರೆ. 1809ರಲ್ಲಿ ಇಂಗ್ಲೆಂಡಿನ ಸಾಲ್ಫರ್ಡಿನಲ್ಲಿ ವಿಲಿಯಂ ಕೌಹರ್ಡ್ ಎಂಬ ಬೋಧಕರು ಸ್ಥಾಪಿಸಿದ ಸಭೆಯಲ್ಲಿ ಸದಸ್ಯರು ಮಾಂಸ ತಿನ್ನಬಾರದೆಂಬ ನಿಯಮವಿತ್ತು. 1863ರಲ್ಲಿ ಸಂಘಟಿತವಾದ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯು ಸಸ್ಯಾಹಾರವನ್ನು ಇಂದಿಗೂ ಪ್ರೋತ್ಸಾಹಿಸುತ್ತದೆ. ಇಂಥವರಲ್ಲಿ ಅನೇಕರು ಆದಿಕಾಂಡದ ಮೊದಲನೆಯ ಅಧ್ಯಾಯಕ್ಕೂ, ತೋಳವು ಕುರಿಯೊಂದಿಗೆ ವಾಸಿಸುವ ಯೆಶಾಯನ ದರ್ಶನಕ್ಕೂ ಕೈತೋರಿಸುತ್ತಾರೆ. ಅವರ ಓದು ಕಡೆಗಣಿಸುವಂಥದ್ದಲ್ಲ. ನೋಹನಿಗೆ ಸಿಕ್ಕ ಅನುಮತಿ ಆರಂಭವೂ ಅಲ್ಲ, ಅಂತ್ಯವೂ ಅಲ್ಲ ಎಂಬುದು ಗ್ರಂಥದಲ್ಲೇ ಇರುವ ಮಾತು.

ಕೊನೆಗೆ, ವಂದನೆ ಯಾರಿಗೆ ಎಂಬ ಪ್ರಶ್ನೆ. ಕ್ರೈಸ್ತ ಪ್ರಾರ್ಥನೆಯು ದೇವರನ್ನೇ ಉದ್ದೇಶಿಸಿದ್ದು, ಪ್ರಾಣಿಯನ್ನಲ್ಲ. ಆದರೆ ಅದರಲ್ಲಿ ಪ್ರಾಣಿಗೆ ಸ್ಥಳವಿಲ್ಲವೆಂದು ಹೇಳಲಾಗದು. ಪೋಪ್ ಫ್ರಾನ್ಸಿಸ್‌ರವರು 2015ರ ತಮ್ಮ ವಿಶ್ವಪತ್ರದಲ್ಲಿ ಊಟದ ಮುಂಚೆಯೂ ನಂತರವೂ ಪ್ರಾರ್ಥಿಸುವ ರೂಢಿಗೆ ಮರಳಬೇಕೆಂದು ಕೋರುತ್ತ, ಆ ಕ್ಷಣವು ನಮ್ಮ ಜೀವ ದೇವರನ್ನು ಅವಲಂಬಿಸಿದೆ ಎಂಬುದನ್ನು ನೆನಪಿಸುತ್ತದೆ, ದುಡಿದು ಆಹಾರ ಒದಗಿಸಿದವರನ್ನು ಗುರುತಿಸುತ್ತದೆ, ಕೊರತೆಯಲ್ಲಿರುವವರ ಜೊತೆ ನಮ್ಮನ್ನು ನಿಲ್ಲಿಸುತ್ತದೆ ಎಂದು ಬರೆದಿದ್ದಾರೆ. ಅದಕ್ಕೂ ಬಹಳ ಹಿಂದೆ, 1529ರಲ್ಲಿ, ಪ್ರೊಟೆಸ್ಟೆಂಟ್ ಸುಧಾರಣೆಯ ಮುಂದಾಳಾದ ಮಾರ್ಟಿನ್ ಲೂಥರನು ಮನೆಮಂದಿಗಾಗಿ ಬರೆದ ಕಿರು ಧರ್ಮಬೋಧೆಯಲ್ಲಿ ಊಟದ ಪ್ರಾರ್ಥನೆಗೆ ಕೀರ್ತನೆಗಳ ವಚನಗಳನ್ನು ಆರಿಸಿಕೊಟ್ಟನು. ಊಟದ ಮುಂಚೆ ಮಕ್ಕಳೂ ಮನೆಯ ಆಳುಗಳೂ ಕೈಜೋಡಿಸಿ ನಿಂತು ಹೇಳಬೇಕಾದದ್ದು 145ನೆಯ ಕೀರ್ತನೆ: ಎಲ್ಲರ ಕಣ್ಣುಗಳೂ ನಿನ್ನನ್ನು ಎದುರುನೋಡುತ್ತವೆ, ನೀನು ಹೊತ್ತುಹೊತ್ತಿಗೆ ಅವರಿಗೆ ಆಹಾರ ಕೊಡುತ್ತೀ, ಕೈ ತೆರೆದು ಎಲ್ಲ ಜೀವಿಗಳ ಬಯಕೆಯನ್ನು ತೃಪ್ತಿಪಡಿಸುತ್ತೀ. ತಟ್ಟೆಯಲ್ಲಿರುವ ಪ್ರಾಣಿಯೂ ಆ ‘ಎಲ್ಲರ’ ಪೈಕಿ ಒಂದಾಗಿತ್ತು. ಅದೇ ಕೈಯಿಂದ ಮೇವನ್ನು ಪಡೆದಿತ್ತು. ಉಂಡೆದ್ದ ಮೇಲೆ ಹೇಳಬೇಕಾದ ಸ್ತೋತ್ರದಲ್ಲಿ 147ನೆಯ ಕೀರ್ತನೆಯ ಮಾತು ಬರುತ್ತದೆ: ಪಶುಗಳಿಗೂ, ಕೂಗುವ ಕಾಗೆಮರಿಗಳಿಗೂ ಆತನು ಆಹಾರ ಕೊಡುತ್ತಾನೆ.